‘ಅಂತರ್ಯುದ್ಧ ಅವಧಿ’ ಅಂದರೆ ಯಾವ ಅವಧಿ?

ಪ್ರಶ್ನೆ: ನಾನು ಸಿಂಧನೂರಿನ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಸಂಜೆ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ ಪಾಠ ಹೇಳುತ್ತೇನೆ. ನಮ್ಮ ಕೈಗೆ ಬಂದಿರುವ ನೋಟ್ಸ್‌ನಲ್ಲಿ ಇಂಗ್ಲಿಷಿನ ‘ಇಂಟರ್‌ವಾರ್ ಪೀರಿಯಡ್’ ಅನ್ನು ‘ಅಂತರ್ಯುದ್ಧ ಅವಧಿ, 1919–1939’ ಎಂದು ಬರೆದಿದ್ದಾರೆ. ಕಳೆದ ಟೆಸ್ಟ್‌ನಲ್ಲಿ ‘ಅಂತರ್ಯುದ್ಧ ಅವಧಿಯ ಯುರೋಪ್ ಬಗ್ಗೆ ಬರೆಯಿರಿ’ ಎಂದು ಕೇಳಿದೆ. ಅರ್ಧ ಜನ ಸ್ಪೇನ್ ಮತ್ತು ರಷ್ಯಾದಲ್ಲಿ ಆದ ಒಳಯುದ್ಧಗಳ ಬಗ್ಗೆ ಬರೆದರು. ಅಂಕ ಕೊಡಬೇಕೋ ಬೇಡವೋ ತಿಳಿಯಲಿಲ್ಲ. ಸಹೋದ್ಯೋಗಿಗಳನ್ನು ಕೇಳಿದರೆ ಒಬ್ಬರು ‘ಇಂಟರ್‌ಬೆಲಮ್ (ಇಂಟರ್‌ವಾರ್‌ನ ಲ್ಯಾಟಿನ್ ರೂಪ) ಅಂದರೆ ಶಾಂತಿಯ ಕಾಲ’ ಎನ್ನುತ್ತಾರೆ. ಇನ್ನೊಬ್ಬರು ‘ಆ ಪದ 1918ರಿಂದ 1939ಕ್ಕೆ ಮಾತ್ರ, ಬೇರೆಲ್ಲೂ ಬಳಸಬಾರದು’ ಎನ್ನುತ್ತಾರೆ. ಹಾಗಾದರೆ ನಮ್ಮ ಭಾಗದಲ್ಲಿ ಆದ ಯುದ್ಧಗಳ ನಡುವಿನ ಕಾಲಕ್ಕೆ ಏನನ್ನಬೇಕು? ‘ಆಂಟಿಬೆಲಮ್’ ಅಂದರೂ ಇದೇನಾ? ನೋಟ್ಸ್‌ನಲ್ಲಿ ಇರುವ ಪದ ಬಿಟ್ಟು ಬೇರೆ ಬರೆದರೆ ಮಕ್ಕಳ ಅಂಕ ಹೋಗುತ್ತದಾ ಎಂಬ ಭಯವೂ ಇದೆ.

ಉತ್ತರ:

ಮೊದಲು ಆ ಟೆಸ್ಟ್‌ನ ವಿಷಯ ಮುಗಿಸೋಣ ಮೇಡಂ. ಸ್ಪೇನ್, ರಷ್ಯಾ ಬಗ್ಗೆ ಬರೆದವರಿಗೆ ಅಂಕ ಕೊಡಿ. ಅವರು ಕನ್ನಡವನ್ನು ಸರಿಯಾಗಿಯೇ ಓದಿದ್ದಾರೆ. ಕನ್ನಡದಲ್ಲಿ ಅಂತರ್ಯುದ್ಧ ಅಂದರೆ ಒಂದು ದೇಶದ ಒಳಗೆ, ಅದೇ ದೇಶದ ಜನ ಎರಡು ಪಕ್ಷವಾಗಿ ಹೊಡೆದಾಡುವುದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಆದದ್ದು ಅಂತರ್ಯುದ್ಧ. 1936ರಿಂದ 1939ರವರೆಗೆ ಸ್ಪೇನಿನಲ್ಲಿ ಆದದ್ದು ಅಂತರ್ಯುದ್ಧ. ಪತ್ರಿಕೆಗಳಲ್ಲಿ, ಪಠ್ಯಗಳಲ್ಲಿ ಈ ಅರ್ಥವೇ ಎಷ್ಟೋ ವರ್ಷಗಳಿಂದ ನಿಂತುಬಿಟ್ಟಿದೆ. ಆ ಮಕ್ಕಳು ಪ್ರಶ್ನೆಯನ್ನು ನೋಡಿ ‘ಅಂತರ್ಯುದ್ಧಗಳು ನಡೆದ ಅವಧಿ’ ಎಂದು ತಿಳಿದರು. ತಪ್ಪು ಅವರದ್ದಲ್ಲ. ನಿಮ್ಮದೂ ಅಲ್ಲ. ಪದವೇ ಎಡವಿದೆ.

ಇದು ನಿಮ್ಮೊಬ್ಬರಿಗೆ ಆದದ್ದಲ್ಲ. ನಾನು ರಾಯಚೂರಿನಲ್ಲಿ ಬಹಳ ವರ್ಷ ಇತಿಹಾಸ ಪಾಠ ಮಾಡಿದವನು. ಅದರ ಜೊತೆಗೆ ಇಂಗ್ಲಿಷ್ ಪಾಠಗಳನ್ನು ಕನ್ನಡಕ್ಕೆ ತರುವ ಕೆಲಸವನ್ನೂ ಮಾಡಿದ್ದೇನೆ. ಆರಂಭದ ದಿನಗಳಲ್ಲಿ ನಾನೂ ಇದೇ ಪದ ಬರೆದಿದ್ದೆ. ಒಬ್ಬ ಹುಡುಗಿ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಸಣ್ಣ ಅಕ್ಷರದಲ್ಲಿ ಕೇಳಿದ್ದಳು: ‘ಸರ್, ಯಾವ ದೇಶದ ಅಂತರ್ಯುದ್ಧ?’ ಆ ಹಾಳೆ ಎಷ್ಟೋ ದಿನ ನನ್ನ ಮೇಜಿನ ಮೇಲೇ ಇತ್ತು. ಅಂದಿನಿಂದ ಆ ಪದವನ್ನು ಈ ಅರ್ಥದಲ್ಲಿ ನಾನು ಬರೆದಿಲ್ಲ.

ಆದರೆ ಆ ಪದ ಹುಟ್ಟಿದ್ದು ಸುಮ್ನೆ ಅಲ್ಲ. ಅದಕ್ಕೊಂದು ಕಾರಣ ಇದೆ, ಅದನ್ನು ತಿಳಿದರೆ ಮಕ್ಕಳಿಗೆ ಹೇಳುವುದು ಸುಲಭ. ಇಂಟರ್‌ಬೆಲಮ್ ಲ್ಯಾಟಿನ್ ಮಾತು. ‘ಇಂಟರ್’ ಅಂದರೆ ನಡುವೆ. ‘ಬೆಲಮ್’ ಅಂದರೆ ಯುದ್ಧ. ಸಂಸ್ಕೃತದ ‘ಅಂತರ್’ ಮತ್ತು ಲ್ಯಾಟಿನ್ನಿನ ‘ಇಂಟರ್’ ಒಂದೇ ಬೇರಿನಿಂದ ಬಂದವು. ದೂರದ ಅಣ್ಣತಮ್ಮಂದಿರು ಇದ್ದ ಹಾಗೆ. ಹಾಗಾಗಿ ಇಂಟರ್ ಇದ್ದಲ್ಲಿ ಅಂತರ್ ಇಟ್ಟು, ವಾರ್ ಇದ್ದಲ್ಲಿ ಯುದ್ಧ ಇಟ್ಟರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಒಂದೊಂದು ತುಂಡೂ ಸರಿ. ಜೋಡಿಸಿದಾಗ ಮಾತ್ರ ಬೇರೆ ವಸ್ತು ಆಗಿಬಿಡುತ್ತದೆ.

ಯಾಕೆಂದರೆ ನಮ್ಮಲ್ಲಿ ‘ಅಂತರ್’ಗೆ ಎರಡು ಮುಖ. ಒಂದು, ಒಳಗೆ. ಅಂತರ್ಜಲ ಅಂದರೆ ನೆಲದ ಒಳಗಿನ ನೀರು. ಬೋರ್‌ವೆಲ್ ಹಾಕಿಸಿದ ನಮ್ಮ ರೈತರಿಗೆ ಈ ಪದ ಹೇಳಿಕೊಡಬೇಕಾಗಿಲ್ಲ. ಅಂತರ್ಮುಖಿ ಅಂದರೆ ಒಳಮುಖ ಆದವನು. ಎರಡು, ನಡುವೆ. ಅಂತರ್ಜಾತಿ ಮದುವೆ ಎರಡು ಜಾತಿಗಳ ನಡುವೆ ಆಗುವುದು. ಕೃಷ್ಣೆ, ತುಂಗಭದ್ರೆಯ ನೀರಿನ ಜಗಳವನ್ನು ಅಂತರರಾಜ್ಯ ವಿವಾದ ಅನ್ನುತ್ತೇವೆ, ಅದು ರಾಜ್ಯ ರಾಜ್ಯಗಳ ನಡುವಿನದ್ದು. ಯಾವ ಪದದಲ್ಲಿ ಯಾವ ಮುಖ ಅನ್ನುವುದನ್ನು ವ್ಯಾಕರಣ ಹೇಳುವುದಿಲ್ಲ, ಬಳಕೆ ಹೇಳುತ್ತದೆ. ಯುದ್ಧದ ಜೊತೆ ಸೇರಿದಾಗ ಕನ್ನಡಿಗರು ‘ಒಳಗೆ’ ಎಂಬ ಮುಖವನ್ನೇ ಆರಿಸಿಕೊಂಡರು. ಆ ಜಾಗ ಈಗ ಖಾಲಿ ಇಲ್ಲ.

ಇನ್ನು ನಿಮ್ಮ ಮೊದಲ ಸಹೋದ್ಯೋಗಿಯ ಮಾತು: ಅದು ಶಾಂತಿಯ ಕಾಲ ಎಂಬುದು. ಈ ಮಾತು ತುಂಬಾ ಕಡೆ ಕೇಳಿಬರುತ್ತದೆ, ಆದರೆ ಸರಿಯಲ್ಲ. ಎರಡು ಯುದ್ಧಗಳ ನಡುವೆ ಎಂದಷ್ಟೇ ಆ ಪದ ಹೇಳುತ್ತದೆ. ಆ ನಡುವೆ ಏನಿತ್ತು ಎಂದು ಅದು ಹೇಳುವುದೇ ಇಲ್ಲ.

1918ರ ನವೆಂಬರ್ 11ರಂದು ಜರ್ಮನಿಯೊಂದಿಗೆ ಕದನ ವಿರಾಮ ಆಯಿತು. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ಬಿತ್ತು. ನಡುವೆ 20 ವರ್ಷ 9 ತಿಂಗಳು 21 ದಿನ. ಇಷ್ಟರಲ್ಲಿ ಏನೇನಾಯಿತು ನೋಡಿ. 1919ರಲ್ಲಿ ಬ್ರಿಟಿಷರಿಗೂ ಅಫ್ಘಾನಿಸ್ತಾನಕ್ಕೂ ಮೂರನೆಯ ಯುದ್ಧ ಆಯಿತು. ಅದರಲ್ಲಿ ಬ್ರಿಟಿಷರ ಪರ ಹೋರಾಡಿದವರಲ್ಲಿ ಭಾರತೀಯ ಸಿಪಾಯಿಗಳೇ ಜಾಸ್ತಿ. 1919ರಿಂದ 1921ರವರೆಗೆ ಪೋಲೆಂಡಿಗೂ ಸೋವಿಯತ್ ರಷ್ಯಾಕ್ಕೂ ಯುದ್ಧ. 1931ರಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿತು. 1932ರಿಂದ 1935ರವರೆಗೆ ಬೊಲಿವಿಯಾ ಮತ್ತು ಪರಾಗ್ವೆ ಚಾಕೊ ಎಂಬ ಬಯಲಿಗಾಗಿ ಬಡಿದಾಡಿದವು. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ಹೋಯಿತು. ಆಮೇಲೆ ಸ್ಪೇನಿನ ಅಂತರ್ಯುದ್ಧ. ಹೀಗೆ, ಆ ‘ನಡುವಿನ’ ಕಾಲದ ಒಳಗೇ ನಿಮ್ಮ ಮಕ್ಕಳು ಬರೆದ ಅಂತರ್ಯುದ್ಧಗಳೂ ಇವೆ. ಅವರ ಉತ್ತರ ಗುರಿಯಿಂದ ಅಷ್ಟೇನೂ ದೂರ ಹೋಗಿರಲಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಅಂಚುಗಳೂ ಗಟ್ಟಿ ಇಲ್ಲ. ಚೀನಾದವರಿಗೆ ಜಪಾನಿನೊಂದಿಗೆ ಪೂರ್ಣ ಯುದ್ಧ ಶುರುವಾದದ್ದು 1937ರ ಜುಲೈನಲ್ಲಿ. ಅಮೆರಿಕ ಕಣಕ್ಕಿಳಿದದ್ದು 1941ರ ಡಿಸೆಂಬರ್‌ನಲ್ಲಿ. ನಿಮ್ಮ ನೋಟ್ಸ್ 1919 ಅನ್ನುತ್ತದೆ, ಅದು ವರ್ಸೇಲ್ಸ್ ಒಪ್ಪಂದದ ವರ್ಷ. ಬೇರೆ ಕಡೆ 1918 ಅಂತ ಇರುತ್ತದೆ, ಅದು ಬಂದೂಕು ನಿಂತ ವರ್ಷ. ಎರಡೂ ತಪ್ಪಲ್ಲ. ಯಾವುದನ್ನು ಎಣಿಸುತ್ತಿದ್ದೇವೆ ಎಂದು ಹೇಳಿಬಿಟ್ಟರೆ ಸಾಕು.

ಬಳ್ಳಾರಿಯ ಒಂದು ಸಂಗತಿ ಹೇಳುತ್ತೇನೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಕೈಗೆ ಸಿಕ್ಕ ತುರ್ಕಿ ಸೈನಿಕರನ್ನು ತಂದು ಇಟ್ಟ ಊರುಗಳಲ್ಲಿ ಬಳ್ಳಾರಿಯೂ ಒಂದು. ಬಳ್ಳಾರಿಯ ಆ ಬಂಡೆ, ಆ ಬಿಸಿಲನ್ನು ಇಸ್ತಾಂಬುಲ್ ಕಡೆಯ ಹುಡುಗರು ನೋಡಿದ್ದರು. ಅವರ ದೇಶಕ್ಕೆ ಕದನ ವಿರಾಮ ಆದದ್ದು 1918ರ ಅಕ್ಟೋಬರ್ 30ಕ್ಕೆ. ಆದರೆ ಅಲ್ಲಿ ಗ್ರೀಕರೊಂದಿಗೆ 1919ರಲ್ಲಿ ಮತ್ತೆ ಯುದ್ಧ ಹತ್ತಿ 1922ರವರೆಗೆ ನಡೆಯಿತು. ತುರ್ಕಿಯೊಂದಿಗೆ ಶಾಂತಿ ಮಾಡಿದ ಲೌಸಾನ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1923ರ ಜುಲೈನಲ್ಲಿ. ಬಳ್ಳಾರಿಯಿಂದ ಊರಿಗೆ ಹೋದ ಒಬ್ಬ ಕೈದಿಗೆ ‘ಯುದ್ಧ ಮುಗಿದು ಶಾಂತಿ ಬಂತು’ ಎಂದು 1920ರಲ್ಲಿ ಯಾರಾದರೂ ಹೇಳಿದ್ದರೆ ಅವನಿಗೆ ಏನನ್ನಿಸುತ್ತಿತ್ತು? ತರಗತಿಯಲ್ಲಿ ಈ ಪ್ರಶ್ನೆ ಕೇಳಿ. ಇಸವಿಗಳ ಪಟ್ಟಿಗಿಂತ ಇದು ಮಕ್ಕಳ ಮನಸ್ಸಿನಲ್ಲಿ ಕೂರುತ್ತದೆ.

ಇನ್ನೊಂದು ಮಾತನ್ನು ನಾನು ಪ್ರತಿ ವರ್ಷ ಹೇಳುತ್ತಿದ್ದೆ. 1925ರಲ್ಲಿ ಬದುಕಿದ್ದ ಯಾರಿಗೂ ತಾವು ಎರಡು ಮಹಾಯುದ್ಧಗಳ ನಡುವೆ ಇದ್ದೇವೆ ಎಂದು ಗೊತ್ತಿರಲಿಲ್ಲ. ಅವರಿಗೆ ಅದು ‘ನಡುವೆ’ ಅಲ್ಲ, ‘ಆದ ಮೇಲೆ’. ಎರಡನೆಯದು ಬಂದ ಮೇಲೆಯೇ ಮೊದಲನೆಯದಕ್ಕೆ ‘ಮೊದಲನೆಯ’ ಎಂಬ ಹೆಸರು ಗಟ್ಟಿಯಾಯಿತು. ಅಲ್ಲಿಯವರೆಗೆ ಅದು ಬರೀ ಮಹಾಯುದ್ಧ. ನಡುವಿನ ಕಾಲ ಎಂಬ ಹೆಸರನ್ನು ಹಿಂದಿರುಗಿ ನೋಡಿದವರು ಇಟ್ಟದ್ದು. ಮಕ್ಕಳು ಇದನ್ನು ಮರೆತರೆ 1919ರ ವರ್ಸೇಲ್ಸ್‌ನಿಂದ 1939ಕ್ಕೆ ನೇರ ಗೆರೆ ಎಳೆದುಬಿಡುತ್ತಾರೆ. ನಡುವೆ ಬೇರೆ ದಾರಿಗಳೇ ಇರಲಿಲ್ಲವೇನೋ ಎಂಬಂತೆ ಬರೆಯುತ್ತಾರೆ. ದಾರಿಗಳಿದ್ದವು. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿದ್ದ ಜರ್ಮನಿ ಮರುವರ್ಷದ ಹೊತ್ತಿಗೆ ಹೊಸ ಹಣ ತಂದು ಚೇತರಿಸಿಕೊಂಡಿತ್ತು. 1925ರಲ್ಲಿ ಲೊಕಾರ್ನೊದಲ್ಲಿ ಫ್ರಾನ್ಸಿನ ಜೊತೆ ಗಡಿ ಒಪ್ಪಿಕೊಂಡಿತ್ತು. 1929ರಲ್ಲಿ ಅಮೆರಿಕದ ಶೇರುಪೇಟೆ ಬಿದ್ದ ಮೇಲೆ ಬಂದ ಕಷ್ಟ ಇಲ್ಲದಿದ್ದರೆ 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬರುತ್ತಿದ್ದನಾ ಎಂದು ಇತಿಹಾಸಕಾರರು ಇಂದಿಗೂ ಕೇಳುತ್ತಾರೆ.

ಈಗ ಎರಡನೆಯ ಸಹೋದ್ಯೋಗಿಯ ಮಾತು. 1918–39ಕ್ಕೆ ಮಾತ್ರ ಬಳಸಬೇಕು ಎಂಬುದು ಅರ್ಧ ಸರಿ. ಯಾವ ಯುದ್ಧ ಎಂದು ಹೇಳದೆ ಬರೀ ‘ಇಂಟರ್‌ವಾರ್’ ಅಂದರೆ ಇಂಗ್ಲಿಷ್ ಓದುಗರಿಗೆ ಆ ಕಾಲವೇ ಹೊಳೆಯುತ್ತದೆ. ಫ್ರೆಂಚರು ‘ಎರಡು ಯುದ್ಧಗಳ ನಡುವೆ’ ಅಂತ ಬಿಡಿಸಿಯೇ ಹೇಳುತ್ತಾರೆ. ಪೋಲೆಂಡಿನವರು ‘ಯುದ್ಧಗಳ ನಡುವಿನ ಇಪ್ಪತ್ತು ವರ್ಷ’ ಅನ್ನುತ್ತಾರೆ. ನೂರಕ್ಕೂ ಹೆಚ್ಚು ವರ್ಷ ಬೇರೆಯವರ ಕೈಯಲ್ಲಿದ್ದ ಅವರ ದೇಶ ಮತ್ತೆ ಸ್ವತಂತ್ರವಾಗಿ ಬದುಕಿದ್ದು ಆ ಇಪ್ಪತ್ತು ವರ್ಷ, ಹಾಗಾಗಿ ಅವರಿಗೆ ಅದು ಬಹಳ ಆಪ್ತವಾದ ಮಾತು. ಆದರೆ ಪದದ ಅರ್ಥ ಆ ಒಂದೇ ಕಾಲಕ್ಕೆ ಕಟ್ಟಿಹಾಕಿದ್ದಲ್ಲ. ಯಾವ ಎರಡು ಯುದ್ಧಗಳ ನಡುವಿಗೂ ಬಳಸಬಹುದು. ಒಂದೇ ಷರತ್ತು, ಎರಡೂ ಯುದ್ಧಗಳ ಹೆಸರು ಹೇಳಬೇಕು. ಭಾರತ ಮತ್ತು ಪಾಕಿಸ್ತಾನದ 1965 ಮತ್ತು 1971ರ ಯುದ್ಧಗಳ ನಡುವಿನ ಕಾಲ ಅಂದರೆ ಯಾರಿಗೂ ಗೊಂದಲ ಇಲ್ಲ.

ಈ ಮಾತನ್ನು ನಮ್ಮ ಭಾಗದವರು ಬೇಗ ಹಿಡಿಯುತ್ತಾರೆ. ನಾವು ಕೂತಿರುವ ನೆಲದ ಹಳೆಯ ಹೆಸರೇ ಎಡೆದೊರೆ. ಶಾಸನಗಳಲ್ಲಿ ‘ಎಡೆದೊರೆ ಎರಡು ಸಾಸಿರ’ ಅಂತ ಬರುತ್ತದೆ. ರಾಜೇಂದ್ರ ಚೋಳನ ತಮಿಳು ಶಾಸನಗಳು ಇದನ್ನೇ ‘ಇಡೈತುರೈ ನಾಡು’ ಅನ್ನುತ್ತವೆ. ತೊರೆ ಅಂದರೆ ಹೊಳೆ. ಎಡೆ ಅಂದರೆ ನಡುವಿನ ಜಾಗ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಾಡು. ಪಾರ್ಸಿ ಬಲ್ಲವರು ಅದನ್ನೇ ದೋಆಬ್, ಎರಡು ನೀರು ಅಂದರು. ಈಗಲೂ ಹತ್ತಿ ಹೊಲದಲ್ಲಿ ನಾವು ಎಡೆ ಹೊಡೆಯುತ್ತೇವೆ ಅಲ್ವಾ? ಎಡೆಕುಂಟೆ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಮಧ್ಯದ ಮಣ್ಣಿನಲ್ಲಿ ಹೋಗುತ್ತದೆ. ಕಳೆ ಕಿತ್ತು ಬೀಳುತ್ತದೆ, ಮಣ್ಣು ಸಡಿಲ ಆಗುತ್ತದೆ, ಎತ್ತಿನ ಹೆಜ್ಜೆ ಸ್ವಲ್ಪ ಆಚೀಚೆ ಆದರೆ ಗಿಡವೇ ಹೋಗುತ್ತದೆ. ಎಡೆ ಹೊಡೆಯುವವನ ಕಣ್ಣು ಎರಡೂ ಸಾಲಿನ ಮೇಲೆ ಇರಬೇಕು. ‘ನಡುವೆ’ ಎಂಬ ಮಾತಿಗೂ ಅಷ್ಟೇ. ಎರಡೂ ದಂಡೆ ಕಾಣಬೇಕು.

ನಮ್ಮ ಯುದ್ಧಗಳಿಗೆ ಬರೋಣ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆ ತೆಗೆದುಕೊಂಡ. 1565ರ ಜನವರಿಯಲ್ಲಿ ರಕ್ಕಸ-ತಂಗಡಿಯ ಯುದ್ಧ. ನಡುವೆ 45 ವರ್ಷ. ಇದನ್ನು ‘ಎರಡು ಯುದ್ಧಗಳ ನಡುವಿನ ಕಾಲ’ ಅಂದರೆ ವ್ಯಾಕರಣ ಒಪ್ಪುತ್ತದೆ. ಆದರೆ ನಾನು ಹಾಗೆ ಹೆಸರಿಡುವುದಿಲ್ಲ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ ಬೆನ್ನಿಗೇ ರಾಯಚೂರು, ಮುದಗಲ್ಲು ಮತ್ತೆ ಆದಿಲ್‌ಶಾಹನ ಕೈ ಸೇರಿದವು. ಆಮೇಲೆ ಅಳಿಯ ರಾಮರಾಯ ಸುಲ್ತಾನರ ಜಗಳಗಳಲ್ಲಿ ಒಮ್ಮೆ ಒಬ್ಬರ ಪರ, ಒಮ್ಮೆ ಇನ್ನೊಬ್ಬರ ಪರ ದಂಡು ಕಳಿಸುತ್ತಲೇ ಇದ್ದ. ಅದೇ ಕಾಲದಲ್ಲಿ, 1534ರಲ್ಲಿ, ಹಂಪಿಯ ಅಚ್ಯುತರಾಯ ದೇವಸ್ಥಾನ ಕಟ್ಟಿದರು. ದಾಸರು ಹಾಡಿದ್ದೂ ಆಗಲೇ. ಇಷ್ಟನ್ನೆಲ್ಲ ಎರಡು ಕಾಳಗಗಳ ನಡುವಿನ ಬಿಡುವು ಎಂಬಂತೆ ಕರೆದರೆ ಆ ಕಾಲಕ್ಕೆ ಅನ್ಯಾಯ ಆಗುತ್ತದೆ. ಅಲ್ಲಿ ‘1520ರಿಂದ 1565ರವರೆಗೆ’ ಎಂದು ಇಸವಿ ಬರೆಯುವುದೇ ನೇರ.

ಕೊಪ್ಪಳದ ಉದಾಹರಣೆ ಇದಕ್ಕಿಂತ ಚೆನ್ನಾಗಿದೆ. ಮಕ್ಕಳನ್ನು ಒಮ್ಮೆ ಕೊಪ್ಪಳ ಕೋಟೆಗೆ ಕರೆದುಕೊಂಡು ಹೋಗಿ. ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುತ್ತದೆ, ಆದರೂ ಮೇಲೆ ಹೋಗಿ. ಬಂಡೆಯ ಅಂಚಿಗೇ ಹೊಂದಿಸಿ ಗೋಡೆ ಏರಿಸಿದ್ದು ಕಾಣುತ್ತದೆ. ಎಲ್ಲಿ ಬಂಡೆ ಮುಗಿಯಿತು, ಎಲ್ಲಿ ಗೋಡೆ ಶುರುವಾಯಿತು ಎಂದು ಕೈ ಇಟ್ಟೇ ತಿಳಿಯಬೇಕು. 1786ರಲ್ಲಿ ಈ ಕೋಟೆ ಟಿಪ್ಪು ಸುಲ್ತಾನನ ಕೈಗೆ ಬಂತು. ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅವನು ಅದನ್ನು ಮತ್ತೆ ಕಟ್ಟಿಸಿದ. ಈಗ ಇಸವಿ ನೋಡಿ. ಎರಡನೆಯ ಮೈಸೂರು ಯುದ್ಧ ಮಂಗಳೂರು ಒಪ್ಪಂದದೊಂದಿಗೆ ಮುಗಿದದ್ದು 1784ರಲ್ಲಿ. ಮೂರನೆಯದು ಶುರುವಾದದ್ದು 1790ರಲ್ಲಿ. ಅಂದರೆ ಇಂಗ್ಲಿಷರ ಲೆಕ್ಕದಲ್ಲಿ ಈ ಗೋಡೆ ಎದ್ದದ್ದು ‘ಯುದ್ಧಗಳ ನಡುವೆ’. ಆದರೆ 1785ರಿಂದ 1787ರವರೆಗೆ ಟಿಪ್ಪುವಿಗೆ ಮರಾಠರು ಮತ್ತು ನಿಜಾಮರೊಂದಿಗೆ ಯುದ್ಧ ನಡೆಯುತ್ತಿತ್ತು. ಅದು ಮುಗಿದದ್ದು ಇಲ್ಲೇ ಹತ್ತಿರದ ಗಜೇಂದ್ರಗಡದಲ್ಲಿ ಆದ ಒಪ್ಪಂದದಿಂದ. ಕೊಪ್ಪಳದಲ್ಲಿ ಕಲ್ಲು ಹೊತ್ತವರಿಗೆ ಅದು ನಡುವಿನ ಕಾಲ ಅಲ್ಲವೇ ಅಲ್ಲ. ಯುದ್ಧ ಮನೆ ಬಾಗಿಲಲ್ಲೇ ಇತ್ತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಇಂಗ್ಲಿಷರು, ನಿಜಾಮರು ಸೇರಿ ಅದೇ ಕೋಟೆಗೆ ಮುತ್ತಿಗೆ ಹಾಕಿದರು. 1790–91ರಲ್ಲಿ ಸುಮಾರು ಆರು ತಿಂಗಳು ಅದು ಬಗ್ಗಲಿಲ್ಲ.

ಯಾರ ಯುದ್ಧಗಳ ನಡುವೆ ಎಂದು ಕೇಳದೆ ಈ ಪದ ಬಳಸಿದರೆ ಇಂಥವು ಕಣ್ಣಿಗೆ ಬೀಳುವುದಿಲ್ಲ. ನನಗೆ ಈ ವಿಚಾರದಲ್ಲಿ ಇಷ್ಟು ಕಾಳಜಿ ಇರುವುದು ಅದಕ್ಕೇ.

ಹಾಗಾದರೆ ಕನ್ನಡದಲ್ಲಿ ಏನು ಬರೆಯಬೇಕು? ನಾನು ನೋಡಿದ, ಬಳಸಿ ನೋಡಿದ ಪದಗಳನ್ನು ಹೇಳುತ್ತೇನೆ. ಪ್ರತಿಯೊಂದರಲ್ಲೂ ಒಂದು ತೊಡಕು ಇದೆ.

ಕೆಲವರು ನಡುವೆ ಅಡ್ಡಗೆರೆ ಹಾಕಿ ‘ಅಂತರ-ಯುದ್ಧ’ ಎಂದು ಬರೆಯುತ್ತಾರೆ. ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ. ಕಿವಿಗೆ ಕೇಳಿಸುವುದಿಲ್ಲ. ನೀವು ತರಗತಿಯಲ್ಲಿ ಬಾಯಲ್ಲಿ ಹೇಳುವಾಗ ಆ ಗೆರೆ ಎಲ್ಲಿ ಹೋಗುತ್ತದೆ? ಡಿಟಿಪಿ ಮಾಡುವವರೂ ಅದನ್ನು ತಪ್ಪು ಎಂದುಕೊಂಡು ತೆಗೆದುಬಿಡುತ್ತಾರೆ. ಆಗ ಮತ್ತೆ ಹಳೆ ಕಥೆ.

‘ಯುದ್ಧಾಂತರ ಕಾಲ’ ಎಂಬುದು ಕೇಳಲು ಚೆಂದ. ಆದರೆ ದೇಶಾಂತರ ಅಂದರೆ ಬೇರೆ ದೇಶ. ರೂಪಾಂತರ ಅಂದರೆ ಬೇರೆ ರೂಪ. ಜನ್ಮಾಂತರ ಅಂದರೆ ಬೇರೆ ಜನ್ಮ. ಆ ಲೆಕ್ಕದಲ್ಲಿ ಯುದ್ಧಾಂತರ ಅಂದರೆ ಬೇರೊಂದು ಯುದ್ಧ. ಇನ್ನೂ ದೊಡ್ಡ ಅಪಾಯ ಒಂದಿದೆ. ‘ಯುದ್ಧಾನಂತರ’ ಎಂಬ ಪದ ಈಗಾಗಲೇ ಬಳಕೆಯಲ್ಲಿದೆ, ಅರ್ಥ ಯುದ್ಧ ಆದ ನಂತರ. ಒಂದು ‘ನ’ ಬಿಟ್ಟುಹೋದರೆ ಅದೇ ಇದಾಗುತ್ತದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಓದುವ ಮಕ್ಕಳಿಗೆ ಇಂಥ ಪದ ಕೊಡಬಾರದು.

‘ಯುದ್ಧಮಧ್ಯ ಕಾಲ’ ಅಂದರೆ ಯುದ್ಧ ನಡೆಯುತ್ತಿರುವಾಗ ಎಂದು ಕೇಳಿಸುತ್ತದೆ. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿಯಲ್ಲಿ, ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಅದನ್ನು ಬೇಕಾದರೆ ಯುದ್ಧದ ಮಧ್ಯೆ ಅನ್ನಬಹುದು. 1925ನ್ನು ಹಾಗೆ ಅನ್ನಲಾಗದು.

‘ಮಧ್ಯಂತರ’ ಎಂಬ ಪದವನ್ನು ಕೆಲವರು ಸೂಚಿಸುತ್ತಾರೆ. ಇದನ್ನು ಸ್ವಲ್ಪ ಯೋಚಿಸಿ ಬಳಸಬೇಕು. ಟಾಕೀಸಿನಲ್ಲಿ ಮಧ್ಯಂತರ ಅಂದರೆ ಏನು? ಅದೇ ಸಿನಿಮಾ, ಅರ್ಧಕ್ಕೆ ನಿಲ್ಲಿಸಿದ್ದು, ಹೊರಗೆ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದರೆ ಮುಂದಿನ ಭಾಗ ಶುರು. ಅಂದರೆ 1914ರಿಂದ 1945ರವರೆಗೆ ನಡೆದದ್ದು ಒಂದೇ ಯುದ್ಧ, ನಡುವೆ ಬಿಡುವಿತ್ತು ಎಂದು ಆ ಪದ ತೀರ್ಪು ಕೊಟ್ಟುಬಿಡುತ್ತದೆ. ಹಾಗೆ ವಾದಿಸುವವರು ಇದ್ದಾರೆ. 17ನೆಯ ಶತಮಾನದಲ್ಲಿ ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ಎಂಬುದು ಆಗಿತ್ತು, 1618ರಿಂದ 1648ರವರೆಗೆ. 1914–45 ಎರಡನೆಯ ಮೂವತ್ತು ವರ್ಷಗಳ ಯುದ್ಧ ಎಂಬುದು ಅವರ ಮಾತು. ಅದು ಒಂದು ವಾದ. ಚರ್ಚೆ ಮಾಡಬಹುದು. ಆದರೆ ಕಾಲದ ಹೆಸರಿನೊಳಗೇ ಆ ವಾದವನ್ನು ಅಡಗಿಸಿ ಇಡುವುದು ಸರಿಯಲ್ಲ.

‘ಇಂಟರ್‌ವಾರ್’ ಎಂಬುದನ್ನೇ ಕನ್ನಡ ಅಕ್ಷರದಲ್ಲಿ ಬರೆಯಬಹುದು. ತಪ್ಪೇನಿಲ್ಲ. ಪದವಿ ಮಟ್ಟದ ಮಕ್ಕಳಿಗೆ ಒಮ್ಮೆ ಹೇಳಿಕೊಟ್ಟರೆ ಇಂಗ್ಲಿಷ್ ಓದುವಾಗ ಗುರುತು ಸಿಗುತ್ತದೆ. ಆದರೆ ಹಳ್ಳಿಯಿಂದ ಬಂದು ಕನ್ನಡದಲ್ಲೇ ಓದುವ ಹುಡುಗನಿಗೆ ಅದು ಬಾಯಿಪಾಠದ ಪದ ಆಗುತ್ತದೆ, ಅರ್ಥದ ಪದ ಆಗುವುದಿಲ್ಲ.

ನಾನು ಬಳಸುವುದು ‘ಎರಡು ಮಹಾಯುದ್ಧಗಳ ನಡುವಿನ ಕಾಲ’. ಉದ್ದ ಜಾಸ್ತಿ, ಒಪ್ಪುತ್ತೇನೆ. ಆದರೆ ಇದನ್ನು ಕೇಳಿ ಯಾರೂ ‘ಯಾವ ದೇಶದ್ದು ಸರ್’ ಎಂದು ಕೇಳುವುದಿಲ್ಲ. ಎರಡು ಯುದ್ಧ ಇದೆ, ನಡುವೆ ಇದೆ, ಕಾಲ ಇದೆ. ಪಾಠದ ಶುರುವಿನಲ್ಲಿ ಒಮ್ಮೆ ಪೂರ್ತಿ ಬರೆದು, ಪಕ್ಕದಲ್ಲಿ ಇಸವಿ ಹಾಕಿ. ಆಮೇಲೆ ಬರೀ ‘ನಡುವಿನ ಕಾಲ’ ಅಂದರೂ ನಡೆಯುತ್ತದೆ. ಒಬ್ಬರು ‘ಎಡೆಗಾಲ’ ಎಂಬ ಪದ ಮಾಡಿದ್ದರು. ಎಡೆದೊರೆಯವನಾದ ನನಗೆ ಅದರ ಮೇಲೆ ಆಸೆ ಹುಟ್ಟಿತ್ತು, ನಿಜ. ಆದರೆ ಹತ್ತು ಜನರಿಗೆ ಹೇಳಿದರೆ ಒಂಬತ್ತು ಜನ ಎಡಗಾಲು ಎಂದು ಕೇಳಿಸಿಕೊಂಡರು. ಬಿಟ್ಟುಬಿಟ್ಟೆವು.

‘ಆಂಟಿಬೆಲಮ್’ ಬಗ್ಗೆ ಕೇಳಿದ್ದೀರಿ. ಅದು ಬೇರೆ. ಅಲ್ಲಿರುವುದು ‘ವಿರುದ್ಧ’ ಎಂಬ ಅರ್ಥದ ಆಂಟಿ ಅಲ್ಲ, ‘ಮೊದಲು’ ಎಂಬ ಅರ್ಥದ ಆಂಟೆ. ಹಾಗಾಗಿ ಅದು ಯುದ್ಧವಿರೋಧಿ ಅಲ್ಲ, ಯುದ್ಧಪೂರ್ವ. ಬರೀ ಹಾಗಂದರೆ ಹೆಚ್ಚಾಗಿ ಅಮೆರಿಕದ ಅಂತರ್ಯುದ್ಧಕ್ಕೆ ಮೊದಲಿನ ದಕ್ಷಿಣದ ರಾಜ್ಯಗಳು ಎಂದರ್ಥ. ಗುಲಾಮಗಿರಿಯ ಮೇಲೆ ನಿಂತಿದ್ದ ಹತ್ತಿ ತೋಟಗಳ ಕಾಲ ಅದು. ಇದೇ ಪದ ಒಪ್ಪಂದಗಳಲ್ಲೂ ಬರುತ್ತದೆ, ಅಲ್ಲಿ ಯುದ್ಧಕ್ಕೆ ಮೊದಲು ಯಾರು ಎಲ್ಲಿದ್ದರೋ ಅಲ್ಲಿಗೆ ಮರಳುವುದು ಎಂಬ ಅರ್ಥ. 1966ರ ತಾಷ್ಕೆಂಟ್ ಒಪ್ಪಂದದಲ್ಲಿ ಭಾರತ, ಪಾಕಿಸ್ತಾನ ಎರಡೂ ತಮ್ಮ ಸೈನ್ಯವನ್ನು 1965ರ ಆಗಸ್ಟ್ 5ಕ್ಕೆ ಮೊದಲಿದ್ದ ಜಾಗಕ್ಕೆ ಹಿಂದೆ ಕರೆಸಿಕೊಳ್ಳಲು ಒಪ್ಪಿದ್ದು ಇಂಥದ್ದೇ.

ಪರೀಕ್ಷೆಯ ಭಯದ ಬಗ್ಗೆ. ಪ್ರಶ್ನೆಪತ್ರಿಕೆಯಲ್ಲಿ ‘ಅಂತರ್ಯುದ್ಧ’ ಎಂದು ಕಂಡರೆ ಮಕ್ಕಳು ಮೊದಲು ಇಸವಿ ಹುಡುಕಲಿ. ಪಕ್ಕದಲ್ಲಿ ದೇಶದ ಹೆಸರು ಇದ್ದರೆ ಅದು ಒಳಗಿನ ಯುದ್ಧ. 1919–39 ಎಂದೋ ಎರಡು ಮಹಾಯುದ್ಧ ಎಂದೋ ಇದ್ದರೆ ನಡುವಿನ ಕಾಲ. ಎರಡೂ ಭಾಷೆಯ ಪತ್ರಿಕೆ ಆಗಿದ್ದರೆ ಇಂಗ್ಲಿಷ್ ಸಾಲನ್ನೂ ಓದಲಿ, ಅದರಲ್ಲಿ ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ಬರೆಯುವಾಗ ಮಾತ್ರ ತಾವೇ ಸ್ಪಷ್ಟವಾಗಿ ಬರೆಯಲಿ. ಮೊದಲ ಸಾಲಿನಲ್ಲೇ ‘ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ, ಅಂದರೆ 1918ರಿಂದ 1939ರವರೆಗೆ’ ಎಂದು ಹಾಕಿದರೆ ಮೌಲ್ಯಮಾಪನ ಮಾಡುವವರಿಗೆ ಸಂಶಯ ಉಳಿಯುವುದಿಲ್ಲ. ನಾನು ಉತ್ತರಪತ್ರಿಕೆ ನೋಡಿದಷ್ಟು ವರ್ಷ, ಹೀಗೆ ಬಿಡಿಸಿ ಬರೆದ ಒಬ್ಬರಿಗೂ ಪದದ ಕಾರಣಕ್ಕೆ ಅಂಕ ಕಳೆದಿಲ್ಲ. ನೋಟ್ಸ್‌ನಲ್ಲಿ ಇರುವ ಪದ ಬೇಕೇಬೇಕು ಎಂದು ಯಾರಾದರೂ ಹಟ ಹಿಡಿದರೆ ಒಮ್ಮೆ ಅದನ್ನೂ ಪಕ್ಕದಲ್ಲಿ ಬರೆಯಲಿ.

ಆ ಟೆಸ್ಟ್ ಅನ್ನು ಮತ್ತೊಮ್ಮೆ ಕೊಡುವುದಾದರೆ ಪ್ರಶ್ನೆಯನ್ನು ಹೀಗೆ ಬರೆದು ನೋಡಿ: ‘ಮೊದಲನೆಯ ಮಹಾಯುದ್ಧ ಮುಗಿದ 1918ರಿಂದ ಎರಡನೆಯದು ಶುರುವಾದ 1939ರವರೆಗೆ ಯುರೋಪಿನಲ್ಲಿ ಆದ ಮುಖ್ಯ ಬದಲಾವಣೆಗಳನ್ನು ಬರೆಯಿರಿ. ಈ ಕಾಲದಲ್ಲಿ ನಡೆದ ಒಂದು ಅಂತರ್ಯುದ್ಧದ ಬಗ್ಗೆಯೂ ತಿಳಿಸಿ.’ ಕಳೆದ ಸಲ ಸ್ಪೇನ್ ಬಗ್ಗೆ ಬರೆದ ಮಕ್ಕಳಿಗೆ ಎರಡನೆಯ ಭಾಗ ಆಗಲೇ ಗೊತ್ತಿದೆ.